ಇಟಾಲಿಯನ್ನಿನಲ್ಲಿ ‘ಬರುತ್ತದೆ’, ‘ಆಗುತ್ತದೆ’, ‘ಬಹುದು’: ಸಪೇರೆ, ರಿಯುಶ್ಶೀರೆ, ಪೊತೇರೆ ಯಾವಾಗ ಯಾವುದು?

ಪ್ರಶ್ನೆ | ಸಪ್ತಾಪುರದ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ, ಮುಂದಿನ ಓದಿಗಾಗಿ ಇಟಲಿಯ ಬೊಲೊನ್ಯಾ ನಗರಕ್ಕೆ ಹೋಗುವ ಸಿದ್ಧತೆಯಲ್ಲಿದ್ದೇನೆ. ಅಲ್ಲಿ ನಾನು ಸೇರುವ ಕೋರ್ಸಿನ ಪಾಠಗಳು ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ಆದರೂ ಬಾಡಿಗೆ ಮನೆ ಹುಡುಕುವಾಗ, ಅಂಗಡಿಗೆ ಹೋದಾಗ, ಸರಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತಾಗ ಅಲ್ಲಿಯ ಭಾಷೆಯಲ್ಲಿಯೇ ಮಾತನಾಡಬೇಕೆಂಬುದು ನನ್ನ ಆಸೆ.

ನಾನು ಓದುತ್ತಿರುವುದು ಇಂಗ್ಲಿಷಿನಲ್ಲಿ ಬರೆದ ಪಠ್ಯಪುಸ್ತಕ. ಅದರಲ್ಲಿ ಪೊತೇರೆ, ಸಪೇರೆ, ರಿಯುಶ್ಶೀರೆ ಎಂಬ ಮೂರು ಕ್ರಿಯಾಪದಗಳಿಗೂ ‘ಕ್ಯಾನ್’ ಎಂಬ ಒಂದೇ ಅರ್ಥವನ್ನು ಕೊಟ್ಟು, ಸಂದರ್ಭಕ್ಕೆ ತಕ್ಕಂತೆ ಬಳಸಬೇಕೆಂದು ಹೇಳಿದ್ದಾರೆ. ಆ ಸಂದರ್ಭಗಳನ್ನು ಗುರುತಿಸುವುದು ಹೇಗೆ ಎಂಬುದೇ ನನಗೆ ಸ್ಪಷ್ಟವಾಗುತ್ತಿಲ್ಲ. ಇದರ ಜೊತೆಗೆ ‘ಅವನು ಬಂದಿರಬಹುದು’ ಮತ್ತು ‘ಅವನು ಬರಬಹುದಿತ್ತು’ ಎಂಬ ಎರಡು ಮಾತುಗಳನ್ನು ಇಟಾಲಿಯನ್ನಿನಲ್ಲಿ ಬೇರೆ ಬೇರೆಯಾಗಿ ಹೇಳುವುದು ಹೇಗೆಂಬುದನ್ನೂ ತಿಳಿಯಬೇಕಾಗಿದೆ. ಒಪ್ಪಿಗೆ ಕೇಳುವ ರೀತಿಯನ್ನು ಯಾರಾದರೂ ವಿವರಿಸಿದರೆ ಇನ್ನೂ ಉಪಕಾರವಾಗುತ್ತದೆ.

ಉತ್ತರ 1 | ಬೆಟಗೇರಿಯವರು, ಗದಗ

ನಾನು ಕೆಲಸದ ನಿಮಿತ್ತ ಹಲವು ವರ್ಷ ತೊರೀನೊ ನಗರದಲ್ಲಿದ್ದವನು. ನಿಮಗೆ ಮೊದಲು ಹೇಳಬೇಕಾದ ಮಾತೆಂದರೆ, ಈ ಮೂರು ಕ್ರಿಯಾಪದಗಳನ್ನು ಕಲಿಯುವಾಗ ಇಂಗ್ಲಿಷನ್ನು ನಡುವೆ ತರಬೇಡಿ. ಇಂಗ್ಲಿಷಿನ ‘ಕ್ಯಾನ್’ ಒಂದುಗೂಡಿಸಿಬಿಟ್ಟಿರುವ ಅರ್ಥಗಳನ್ನು ನಮ್ಮ ಮನೆಮಾತು ಮೊದಲಿನಿಂದಲೂ ಬೇರ್ಪಡಿಸಿಯೇ ಇಟ್ಟಿದೆ. ‘ನಂಗ ಈಸಾಕ ಬರ್ತೈತಿ’ ಎಂದು ಹೇಳುವವರು ‘ನಂಗ ಈಸಾಕ ಆಗವಲ್ದು’ ಎಂಬುದನ್ನು ಅದೇ ಅರ್ಥದಲ್ಲಿ ಎಂದೂ ಬಳಸುವುದಿಲ್ಲ. ಆ ವಿವೇಚನೆ ನಿಮ್ಮಲ್ಲಿ ಈಗಾಗಲೇ ಇದೆ; ಅದನ್ನು ಇಟಾಲಿಯನ್ನಿಗೆ ನೇರವಾಗಿ ಜೋಡಿಸಿದರೆ ಸಾಕು.

ಈಜುವುದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ‘ಸೊ ನ್ವೊತಾರೆ’ ಎಂದರೆ ನನಗೆ ಈಜಲು ಬರುತ್ತದೆ, ಅಂದರೆ ಆ ವಿದ್ಯೆಯನ್ನು ನಾನು ಕಲಿತಿದ್ದೇನೆ. ಈಗ ನಾನು ನೀರಿನಲ್ಲಿರಲಿ, ಊಟದ ಮನೆಯಲ್ಲಿರಲಿ, ಆ ಮಾತು ನಿಜವೇ. ‘ನೊನ್ ಪೊಸ್ಸೊ ನ್ವೊತಾರೆ’ ಎಂದಾಗ ನನ್ನ ವಿದ್ಯೆಯ ವಿಷಯವಾಗಿ ಏನನ್ನೂ ಹೇಳಿದಂತಾಗುವುದಿಲ್ಲ. ಕಿವಿ ಸೋರುತ್ತಿರುವುದರಿಂದ ವೈದ್ಯರು ನೀರಿಗಿಳಿಯಬೇಡವೆಂದಿರಬಹುದು, ಈಜುಕೊಳದ ಬಾಗಿಲು ಹಾಕಿರಬಹುದು, ಮನೆಯವರು ಬೇಡವೆಂದಿರಬಹುದು. ತಡೆ ಇರುವುದು ಸನ್ನಿವೇಶದಲ್ಲಿ ಅಥವಾ ಅನುಮತಿಯಲ್ಲಿ. ‘ನೊನ್ ರಿಯೆಸ್ಕೊ ಆ ನ್ವೊತಾರೆ’ ಎನ್ನುವವನು ನೀರಿಗೆ ಇಳಿದಿದ್ದಾನೆ, ಕೈಕಾಲು ಬಡಿಯುತ್ತಿದ್ದಾನೆ, ಆದರೆ ಸೆಳವು ಜೋರಾಗಿರುವುದರಿಂದಲೋ ಮೀನಖಂಡ ಹಿಡಿದುಕೊಂಡಿರುವುದರಿಂದಲೋ ಅವನ ಪ್ರಯತ್ನ ಕೈಗೂಡುತ್ತಿಲ್ಲ. ರಿಯುಶ್ಶೀರೆ ಬಂದಲ್ಲೆಲ್ಲ ಹಿಂದೆ ಒಂದು ಪ್ರಯತ್ನವಿರುತ್ತದೆ ಎಂಬುದನ್ನು ನೆನಪಿಡಿ. ನಿದ್ದೆ ಹತ್ತದಿದ್ದಾಗ ‘ನೊನ್ ರಿಯೆಸ್ಕೊ ಆ ದೊರ್ಮೀರೆ’ ಎನ್ನುವುದು ಆ ಕಾರಣಕ್ಕಾಗಿಯೇ. ಅಲ್ಲಿ ‘ನೊನ್ ಪೊಸ್ಸೊ ದೊರ್ಮೀರೆ’ ಎಂದರೆ, ಯಾರೋ ನಿಮಗೆ ಮಲಗಲು ಬಿಡುತ್ತಿಲ್ಲ ಅಥವಾ ರಾತ್ರಿ ಪಾಳಿಯ ಕೆಲಸವಿದೆ ಎಂದು ಕೇಳುವವರಿಗೆ ಅನ್ನಿಸುವ ಸಂಭವವಿದೆ.

ರಚನೆಯಲ್ಲಿಯೂ ಒಂದು ವ್ಯತ್ಯಾಸವಿದೆ. ಪೊತೇರೆ ಮತ್ತು ಸಪೇರೆಗಳ ಮುಂದೆ ಎರಡನೆಯ ಕ್ರಿಯಾಪದ ನೇರವಾಗಿ ಬಂದು ಕೂಡುತ್ತದೆ. ರಿಯುಶ್ಶೀರೆಗೆ ಮಾತ್ರ ನಡುವೆ ‘ಆ’ ಎಂಬ ಅವ್ಯಯ ಬೇಕು. ರೂಪಗಳು ಮೂರರಲ್ಲಿಯೂ ಅಂಕುಡೊಂಕಾಗಿರುವುದರಿಂದ ಅವುಗಳನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ: ಪೊಸ್ಸೊ, ಪ್ವೊಯ್, ಪ್ವೊ, ಪೊಸ್ಸ್ಯಾಮೊ, ಪೊತೇತೆ, ಪೊಸ್ಸೊನೊ; ಸೊ, ಸಾಯ್, ಸಾ, ಸಪ್ಪ್ಯಾಮೊ, ಸಪೇತೆ, ಸನ್ನೊ; ರಿಯೆಸ್ಕೊ, ರಿಯೆಶ್ಶಿ, ರಿಯೆಶ್ಶೆ, ರಿಯುಶ್ಶ್ಯಾಮೊ, ರಿಯುಶ್ಶೀತೆ, ರಿಯೆಸ್ಕೊನೊ. ಒತ್ತಕ್ಷರಗಳನ್ನು ಸ್ಪಷ್ಟವಾಗಿ ಉಚ್ಚರಿಸಿ. ಕತೆ ಮತ್ತು ಕತ್ತೆ ಎಂಬ ವ್ಯತ್ಯಾಸವನ್ನು ಹುಟ್ಟಿನಿಂದಲೇ ಬಲ್ಲ ನಮಗೆ ಇದು ಸುಲಭ. ಇಂಗ್ಲಿಷ್ ಮಾತೃಭಾಷೆಯವರು ವರ್ಷಗಟ್ಟಲೆ ಕಷ್ಟಪಡುವ ಈ ದ್ವಿತ್ವ ನಮ್ಮವರಿಗೆ ಮೊದಲ ವಾರದಲ್ಲಿಯೇ ಒಲಿಯುವುದನ್ನು ಕಂಡು ನನಗೆ ಪ್ರತಿ ಸಲವೂ ಸಂತೋಷವಾಗಿದೆ.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಕನ್ನಡದಲ್ಲಿ ‘ನನಗೆ ಬರುತ್ತದೆ’, ‘ನಿನಗೆ ಬರುತ್ತದೆ’ ಎಂದು ವ್ಯಕ್ತಿ ಚತುರ್ಥಿಯಲ್ಲಿದ್ದು ಕ್ರಿಯಾಪದ ಬದಲಾಗದೆ ಉಳಿಯುತ್ತದೆ. ಇಟಾಲಿಯನ್ನಿನಲ್ಲಿ ವ್ಯಕ್ತಿಯೇ ಕರ್ತೃ, ಕ್ರಿಯಾಪದ ಅವನನ್ನು ಅನುಸರಿಸಿ ಬದಲಾಗುತ್ತದೆ. ಆದ್ದರಿಂದ ಅರ್ಥಕ್ಕೆ ‘ಬರುತ್ತದೆ’ಯನ್ನು ನೆನೆಯಿರಿ, ರಚನೆಗೆ ‘ಬಲ್ಲೆ’ಯನ್ನು ನೆನೆಯಿರಿ. ನಾನು ಹಾಡಬಲ್ಲೆ, ಅವನು ಹಾಡಬಲ್ಲ, ಅವರು ಹಾಡಬಲ್ಲರು ಎನ್ನುವಾಗ ನಮ್ಮಲ್ಲಿಯೂ ಕ್ರಿಯಾಪದ ಕರ್ತೃವಿನೊಡನೆ ಬದಲಾಗುತ್ತದೆ. ಅದಲ್ಲದೆ ‘ಅದನ್ನು ನಾನು ಬಲ್ಲೆ’ ಎಂದಾಗ ತಿಳಿದಿದ್ದೇನೆ ಎಂದೂ ‘ಹಾಡಬಲ್ಲೆ’ ಎಂದಾಗ ಹಾಡುವ ಶಕ್ತಿಯಿದೆ ಎಂದೂ ಒಂದೇ ಧಾತು ಎರಡು ಕೆಲಸ ಮಾಡುವಂತೆ, ಸಪೇರೆಯೂ ತಿಳಿವನ್ನೂ ಬಲ್ಮೆಯನ್ನೂ ಒಟ್ಟಿಗೆ ಹೊತ್ತಿದೆ. ದಾರಿ ಕೇಳುವಾಗ ‘ಸಾ ದೀರ್ಮಿ ದೊವೆ ಲಾ ಸ್ತತ್ಸ್ಯೋನೆ?’, ಅಂದರೆ ‘ನಿಲ್ದಾಣ ಎಲ್ಲಿದೆಯೆಂದು ಹೇಳಬಲ್ಲಿರಾ?’ ಎಂದು ಅಪರಿಚಿತರನ್ನು ಕೇಳುವುದು ಅಲ್ಲಿ ದಿನನಿತ್ಯದ ರೂಢಿ. ಹೇಳಲು ಅವರಿಗೆ ತಿಳಿದಿರಬೇಕಲ್ಲವೇ?

ಉತ್ತರ 2 | ಹಳೇ ಹುಬ್ಬಳ್ಳಿಯ ಓದುಗ

ಮೇಲಿನವರ ವಿವರಣೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ‘ಆಗುತ್ತದೆ’ಯನ್ನು ರಿಯುಶ್ಶೀರೆಗೆ ಮಾತ್ರ ಕಟ್ಟಿಹಾಕಿದರೆ ವಿದ್ಯಾರ್ಥಿನಿ ದಾರಿ ತಪ್ಪುವ ಸಾಧ್ಯತೆಯಿದೆ. ನಮ್ಮ ‘ಆಗಲಿಲ್ಲ’ ಬಹಳ ಅಗಲವಾದ ಮಾತು. ‘ನಿನ್ನೆ ಮದುವೆಗೆ ಬರಲು ಆಗಲಿಲ್ಲ’ ಎಂದು ಹೇಳುವವರು ಸಾಮಾನ್ಯವಾಗಿ ಬರುವ ಪ್ರಯತ್ನವನ್ನೇ ಮಾಡಿರುವುದಿಲ್ಲ. ಕೆಲಸವಿತ್ತು, ರಜೆ ಸಿಗಲಿಲ್ಲ, ಅಷ್ಟೇ. ಅಲ್ಲಿ ಪೊತೇರೆಯೇ ಸರಿ: ‘ನೊನ್ ಸೋನೊ ಪೊತೂತೊ ವೆನೀರೆ’. ಆದರೆ ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಹೊರಟು, ಹುಬ್ಬಳ್ಳಿ ನಿಲ್ದಾಣದ ಮೆಟ್ಟಿಲು ಹತ್ತಿ, ಒಂದೂವರೆ ಕಿಲೋಮೀಟರ್ ಉದ್ದದ ಆ ಪ್ಲಾಟ್‌ಫಾರ್ಮಿನಲ್ಲಿ ಓಡಿ ಓಡಿ ಕೊನೆಗೆ ಗಾಡಿ ತಪ್ಪಿಸಿಕೊಂಡವರು ‘ರೈಲು ಹಿಡಿಯಲು ಆಗಲಿಲ್ಲ’ ಎಂದರೆ ಅದು ‘ನೊನ್ ಸೋನೊ ರಿಯುಶ್ಶೀತೊ ಆ ಪ್ರೆಂದೆರೆ ಇಲ್ ತ್ರೇನೊ’. ಕನ್ನಡದ ಮಾತು ಎರಡು ಕಡೆಯೂ ಒಂದೇ. ಪ್ರಯತ್ನ ನಡೆದಿತ್ತೇ, ಇಲ್ಲವೇ ಎಂಬ ಪ್ರಶ್ನೆಯನ್ನು ನೀವು ನಿಮಗೇ ಕೇಳಿಕೊಂಡು ಆಯ್ಕೆ ಮಾಡಬೇಕು.

‘ನನ್ನ ಕೈಲೆ ಆಗೂದಿಲ್ಲ’ ಎಂದು ಸೋತು ಕೈಚೆಲ್ಲುವಾಗ ಹೇಳುತ್ತೇವಲ್ಲ, ಅದಕ್ಕೆ ಇಟಾಲಿಯನ್ನರು ಈ ಮೂರನ್ನೂ ಬಿಟ್ಟು ‘ನೊನ್ ಚೆ ಲಾ ಫಾಚ್ಚೊ’ ಎನ್ನುತ್ತಾರೆ. ಅದನ್ನು ಬಿಡಿಸಿ ಅರ್ಥ ಹುಡುಕುವ ಗೋಜಿಗೆ ಹೋಗದೆ ಇಡಿಯಾಗಿ ಕಲಿತುಕೊಳ್ಳಿ. ಅರ್ಜಿ, ವರದಿಗಳಂಥ ಬರವಣಿಗೆಯಲ್ಲಿ ‘ಎಸ್ಸೆರೆ ಇನ್ ಗ್ರಾದೊ ದಿ’ ಎಂಬ ಗಂಭೀರ ಪ್ರಯೋಗವೂ ಸಿಗುತ್ತದೆ. ಅದು ನಮ್ಮ ‘ಸಮರ್ಥನಾಗಿದ್ದೇನೆ’ಗೆ ಹತ್ತಿರ.

ಇನ್ನು ಒಪ್ಪಿಗೆಯ ವಿಷಯ. ‘ಒಳಗ ಬರ್ಲೇನ್ರಿ?’ ಎಂದು ಹೊಸ್ತಿಲ ಬಳಿ ನಿಂತು ನಾವು ಕೇಳುವ ಕಡೆ ಅವರು ‘ಪೊಸ್ಸೊ ಎಂತ್ರಾರೆ?’ ಎನ್ನುತ್ತಾರೆ. ‘ಬರಲೇ’ ಎಂಬಲ್ಲಿನ ಪ್ರತ್ಯಯಕ್ಕೆ ಅವರಲ್ಲಿ ಬೇರೆ ರೂಪವನ್ನು ಹುಡುಕಬೇಡಿ, ಉತ್ತಮ ಪುರುಷದ ಪೊಸ್ಸೊ ಆ ಕೆಲಸವನ್ನು ಪೂರ್ತಿಯಾಗಿ ನಿರ್ವಹಿಸುತ್ತದೆ. ಯಾರದಾದರೂ ಮನೆಯೊಳಗೆ ಕಾಲಿಡುವಾಗ ‘ಪೆರ್ಮೆಸ್ಸೊ?’ ಎಂಬ ಒಂದು ಮಾತು ಸಾಕು, ಒಳಗಿನಿಂದ ‘ಅವಾಂತಿ!’ ಎಂಬ ಉತ್ತರ ಬರುತ್ತದೆ. ಬಾಗಿಲು ತೆರೆದೇ ಇದ್ದರೂ, ಕರೆದವರು ಎದುರಿಗೇ ನಿಂತಿದ್ದರೂ ಈ ಮಾತನ್ನು ಬಿಡಬಾರದು. ಸಣ್ಣದಾದರೂ ಅದು ದೊಡ್ಡ ಮರ್ಯಾದೆ. ತುಂಬಿದ ಬಸ್ಸಿನಲ್ಲಿ ದಾರಿ ಬಿಡಿಸಿಕೊಂಡು ಇಳಿಯುವಾಗಲೂ ಇದೇ ‘ಪೆರ್ಮೆಸ್ಸೊ’ ಉಪಯೋಗಕ್ಕೆ ಬರುತ್ತದೆ.

ವ್ಯಕ್ತಿಯನ್ನು ಸೂಚಿಸದೆ ಸಾಮಾನ್ಯ ನಿಯಮವನ್ನು ಕೇಳುವುದಾದರೆ ‘ಸಿ ಪ್ವೊ’ ಬಳಸಬೇಕು. ‘ಸಿ ಪ್ವೊ ಪಾರ್ಕೆಜ್ಜಾರೆ ಕ್ವೀ?’ ಎಂದರೆ ಇಲ್ಲಿ ಗಾಡಿ ನಿಲ್ಲಿಸಬಹುದೇ ಎಂದರ್ಥ. ‘ನೊನ್ ಸಿ ಪ್ವೊ’ ಎಂಬ ಉತ್ತರ ನಮ್ಮ ‘ಹಾಗೆ ಮಾಡುವಂತಿಲ್ಲ’ ಎಂಬುದಕ್ಕೆ ಸಮ. ಫಲಕಗಳ ಮೇಲೆ ‘ವ್ಯೆತಾತೊ’ ಎಂದು ಬರೆದಿದ್ದರೆ ಅದು ‘ನಿಷೇಧಿಸಲಾಗಿದೆ’. ಕೊನೆಯದಾಗಿ, ‘ಮಾತಾಡಲು ಬಿಡು’ ಎನ್ನುವಾಗಿನ ನಮ್ಮ ‘ಬಿಡು’ವಿನಂತೆಯೇ ಅವರ ಲಾಶ್ಶಾರೆ ಕೆಲಸ ಮಾಡುತ್ತದೆ: ‘ಲಾಶ್ಶಾಮಿ ಪರ್ಲಾರೆ’. ಊರು ಬಿಡುವುದಕ್ಕೂ, ಹೋಗಲು ಬಿಡುವುದಕ್ಕೂ ಎರಡೂ ಭಾಷೆಗಳಲ್ಲಿ ಒಂದೇ ಕ್ರಿಯಾಪದ ಸಾಕಾಗುವುದರಿಂದ ಇದನ್ನು ನೀವು ಮರೆಯಲಾರಿರಿ.

ಸೌಜನ್ಯಕ್ಕಾಗಿ ಪೊತ್ರೆಯ್, ಪೊತ್ರೆಬ್ಬೆ ಎಂಬ ರೂಪಗಳನ್ನು ರೂಢಿಸಿಕೊಳ್ಳಿ. ‘ಪೊತ್ರೆಯ್ ಅವೇರೆ ಉನ್ ಬಿಕ್ಕ್ಯೇರೆ ದಾಕ್ವಾ?’ ಎಂದರೆ ‘ಒಂದು ಲೋಟ ನೀರು ಸಿಗಬಹುದೇ?’, ‘ಪೊತ್ರೆಬ್ಬೆ ಅಯುತಾರ್ಮಿ?’ ಎಂದರೆ ‘ತಾವು ನನಗೆ ಸ್ವಲ್ಪ ಸಹಾಯ ಮಾಡಬಹುದೇ?’. ಹಿರಿಯರೊಡನೆ ಮತ್ತು ಅಪರಿಚಿತರೊಡನೆ ಮಾತನಾಡುವಾಗ ಅಲ್ಲಿ ಪ್ರಥಮ ಪುರುಷ ಏಕವಚನದ ರೂಪವೇ ಗೌರವಸೂಚಕ. ನಮ್ಮ ‘ರೀ’ ಇಲ್ಲದ ಕೊರತೆಯನ್ನು ಈ ರೂಪಗಳು ತಕ್ಕಮಟ್ಟಿಗೆ ತುಂಬಿಕೊಡುತ್ತವೆ.

ಉತ್ತರ 3 | ಕನ್ನಡ ಶಿಕ್ಷಕಿ, ಹಾವೇರಿ

ಪ್ರಶ್ನೆಯ ಮುಖ್ಯ ಭಾಗವಾದ ‘ಬಂದಿರಬಹುದು’ ಮತ್ತು ‘ಬರಬಹುದಿತ್ತು’ಗಳನ್ನು ಇನ್ನೂ ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ಕಲಿಸುವುದು ಕನ್ನಡ. ಇಟಾಲಿಯನ್ ನನ್ನ ಬಹುಕಾಲದ ಪ್ರೀತಿಯ ಓದು. ಈ ಎರಡು ರೂಪಗಳ ಮುಂದೆ ನಿಂತಾಗ ನಮ್ಮ ವ್ಯಾಕರಣದ ಸೂಕ್ಷ್ಮತೆಯ ಬಗ್ಗೆ ನನಗೆ ಅಭಿಮಾನವೆನಿಸುತ್ತದೆ.

ಎರಡರಲ್ಲಿಯೂ ಇರುವುದು ಬರು, ಇರು, ಬಹುದು ಎಂಬ ಅವೇ ಮೂರು ಸಾಮಗ್ರಿಗಳು. ಅನುಕ್ರಮ ಬದಲಾದೊಡನೆ ಅರ್ಥ ಪೂರ್ತಿಯಾಗಿ ತಿರುಗುತ್ತದೆ. ‘ಬಂದಿರಬಹುದು’ ಎನ್ನುವಾಗ ಭೂತಕಾಲದಲ್ಲಿರುವುದು ಬರುವ ಕ್ರಿಯೆ. ಊಹೆ ಮಾಡುತ್ತಿರುವವರು ಈ ಹೊತ್ತಿನಲ್ಲಿ ನಿಂತು ಮಾಡುತ್ತಿದ್ದಾರೆ. ‘ಬರಬಹುದಿತ್ತು’ ಎನ್ನುವಾಗ ಭೂತಕಾಲಕ್ಕೆ ಸರಿದಿರುವುದು ಸಾಧ್ಯತೆಯೇ. ಅವಕಾಶವಿತ್ತು, ಅವನು ಬರಲಿಲ್ಲ. ಇಟಾಲಿಯನ್ ಕೂಡ ಇದನ್ನೇ ಮಾಡುತ್ತದೆ. ಮೊದಲನೆಯದಕ್ಕೆ ‘ಪ್ವೊ ಎಸ್ಸೆರೆ ವೆನೂತೊ’: ಪೊತೇರೆ ವರ್ತಮಾನದಲ್ಲಿದೆ, ಬಂದದ್ದು ಭೂತದಲ್ಲಿದೆ. ಎರಡನೆಯದಕ್ಕೆ ‘ಸರೆಬ್ಬೆ ಪೊತೂತೊ ವೆನೀರೆ’: ಭೂತವಾಗಿರುವುದು ಪೊತೇರೆ, ವೆನೀರೆ ತನ್ನ ಮೂಲರೂಪದಲ್ಲಿಯೇ ಉಳಿದಿದೆ. ಕನ್ನಡ ವಾಕ್ಯದಲ್ಲಿ ಭೂತಕಾಲದ ಗುರುತು ‘ಬಹುದು’ವಿನ ಹಿಂದೆ ಇದೆಯೇ ಮುಂದೆ ಇದೆಯೇ ಎಂದು ನೋಡಿಕೊಂಡರೆ, ಇಟಾಲಿಯನ್ನಿನಲ್ಲಿ ಯಾವ ಕ್ರಿಯಾಪದವನ್ನು ಭೂತಕ್ಕೆ ತಿರುಗಿಸಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ.

ಆಕ್ಷೇಪಣೆಯ ದನಿಯಲ್ಲಿ ‘ನನಗೊಂದು ಮಾತು ಹೇಳಬಹುದಿತ್ತಲ್ಲ!’ ಎನ್ನುತ್ತೇವೆ. ವ್ಯಾಕರಣಬದ್ಧವಾಗಿ ಅದು ‘ಅವ್ರೆಸ್ತಿ ಪೊತೂತೊ ದೀರ್ಮೆಲೊ’. ಆಡುಮಾತಿನಲ್ಲಿ ಅವರು ಇದನ್ನು ಚಿಕ್ಕದಾಗಿಸಿ ‘ಪೊತೇವಿ ದೀರ್ಮೆಲೊ!’ ಎಂದುಬಿಡುತ್ತಾರೆ. ಗೆಳತಿಯರ ನಡುವೆ ಎರಡನೆಯದೇ ಹೆಚ್ಚು ಸಹಜ.

ಊಹೆಗೆ ಇಟಾಲಿಯನ್ನಿನಲ್ಲಿ ಇನ್ನೂ ಎರಡು ಮಾರ್ಗಗಳಿವೆ. ಒಂದು, ‘ಪ್ವೊ ದಾರ್ಸಿ ಕೆ’ ಎಂದು ಆರಂಭಿಸಿ ಮುಂದಿನ ಕ್ರಿಯಾಪದವನ್ನು ಕೊಂಜುಂತೀವೊ ಎಂಬ ರೂಪದಲ್ಲಿ ಹೇಳುವುದು: ‘ಪ್ವೊ ದಾರ್ಸಿ ಕೆ ವೆಂಗಾ’, ಅಂದರೆ ಅವನು ಬರಲೂಬಹುದು. ಇಲ್ಲಿ ‘ವ್ಯೇನೆ’ ಎಂಬ ಸಾಮಾನ್ಯ ರೂಪ ಆಡುಮಾತಿನಲ್ಲಿ ಕಿವಿಗೆ ಬಿದ್ದರೂ, ಬರೆಯುವಾಗ ಮತ್ತು ಪರೀಕ್ಷೆಯಲ್ಲಿ ‘ವೆಂಗಾ’ ಎಂದೇ ಇರಬೇಕು. ಯಾರಾದರೂ ಏನನ್ನಾದರೂ ಕೇಳಿದಾಗ ‘ಇರಬಹುದು’ ಎಂದಷ್ಟೇ ಹೇಳಲು ಬರಿಯ ‘ಪ್ವೊ ದಾರ್ಸಿ’ ಸಾಕು.

ಇನ್ನೊಂದು ಮಾರ್ಗವನ್ನು ಕಂಡು ಅನೇಕ ವಿದ್ಯಾರ್ಥಿಗಳು ಬೆರಗಾಗುತ್ತಾರೆ, ಆದರೆ ನಮ್ಮ ಭಾಗದವರು ಬೆರಗಾಗಬೇಕಿಲ್ಲ. ಶಾಲೆಯಲ್ಲಿ ವಿಧ್ಯರ್ಥಕ, ನಿಷೇಧಾರ್ಥಕಗಳ ಜೊತೆಗೆ ಸಂಭಾವನಾರ್ಥಕ ರೂಪವನ್ನು ಕಲಿತದ್ದು ನೆನಪಿರಬೇಕು: ಬಂದಾನು, ಆದೀತು, ಇದ್ದಾರು. ಪುಸ್ತಕದಲ್ಲಿ ಓದಿ ಮರೆಯುವ ರೂಪಗಳು ಇವಲ್ಲ. ‘ಇಷ್ಟೊತ್ತಿಗೆ ಮನಿ ಮುಟ್ಟಿದ್ದಾನು’ ಎಂದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹೇಳುತ್ತಾರೆ. ಇಟಾಲಿಯನ್ನರು ಈ ಅರ್ಥಕ್ಕೆ ತಮ್ಮ ಭವಿಷ್ಯತ್ ಕಾಲವನ್ನು ಬಳಸುತ್ತಾರೆ. ‘ಸರಾ ಆ ಕಾಸಾ’ ಎಂದರೆ ನಾಳೆ ಮನೆಯಲ್ಲಿರುತ್ತಾನೆ ಎಂದಷ್ಟೇ ಅಲ್ಲ, ಈಗ ಮನೆಯಲ್ಲಿದ್ದಾನು ಎಂದೂ ಆಗುತ್ತದೆ. ‘ಸರಾ ಅರ್ರಿವಾತೊ’ ಎಂದರೆ ಬಂದು ಮುಟ್ಟಿದ್ದಾನು. ಊಹೆ ಇನ್ನೂ ಗಟ್ಟಿಯಾಗಿದ್ದರೆ ‘ದೇವೆ ಎಸ್ಸೆರೆ ಆ ಕಾಸಾ’, ಅಂದರೆ ‘ಮನೆಯಲ್ಲಿಯೇ ಇರಬೇಕು’. ಕರ್ತವ್ಯವನ್ನು ಹೇಳುವ ಬೇಕು, ಬಲವಾದ ಊಹೆಯನ್ನೂ ಹೇಳುವುದು ಎರಡು ಭಾಷೆಗಳಿಗೂ ಸಮಾನವಾದ ಗುಣ.

ನಿಷೇಧವನ್ನು ಎಲ್ಲಿ ಇಡುತ್ತೇವೆಂಬುದೂ ಮುಖ್ಯ. ‘ನೊನ್ ಪ್ವೊ ವೆನೀರೆ’ ಎಂದರೆ ಅವನಿಗೆ ಬರಲು ಆಗುವುದಿಲ್ಲ ಅಥವಾ ಅವನು ಬರುವಂತಿಲ್ಲ. ‘ಪ್ವೊ ನೊನ್ ವೆನೀರೆ’ ಎಂದರೆ ಅವನು ಬರದಿದ್ದರೂ ನಡೆಯುತ್ತದೆ. ಇವೆರಡಕ್ಕಿಂತ ಬೇರೆಯಾದ ನಮ್ಮ ‘ಬರಲಿಕ್ಕಿಲ್ಲ’ ಎಂಬ ಸಂದೇಹದ ಮಾತಿಗೆ ‘ಪ್ವೊ ದಾರ್ಸಿ ಕೆ ನೊನ್ ವೆಂಗಾ’ ಎನ್ನಬೇಕು.

ಪ್ರಶ್ನೆ ಕೇಳಿದವರ ಮರುಪ್ರಶ್ನೆ | ಸಪ್ತಾಪುರದ ವಿದ್ಯಾರ್ಥಿನಿ, ಧಾರವಾಡ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ‘ಬಂದಿರಬಹುದು’ ಮತ್ತು ‘ಬರಬಹುದಿತ್ತು’ಗಳ ವಿವರಣೆಯಿಂದ ಬಹಳ ದಿನಗಳ ಗೊಂದಲ ಪರಿಹಾರವಾಯಿತು. ಇನ್ನೊಂದು ಸಂದೇಹ ಉಳಿದಿದೆ. ಹುಬ್ಬಳ್ಳಿಯವರು ‘ನೊನ್ ಸೋನೊ ಪೊತೂತೊ ವೆನೀರೆ’ ಎಂದು ಬರೆದಿದ್ದಾರೆ. ನನ್ನ ಪುಸ್ತಕದಲ್ಲಿ ‘ನೊನ್ ಓ ಪೊತೂತೊ ಸ್ತುದ್ಯಾರೆ’ ಎಂದಿದೆ. ಪೊತೇರೆಯ ಸಹಾಯಕ ಕ್ರಿಯಾಪದ ಸೋನೊ ಆಗಬೇಕೇ, ಓ ಆಗಬೇಕೇ? ಅಲ್ಲದೆ ‘ಪೊತೇವೊ’ ಮತ್ತು ‘ಓ ಪೊತೂತೊ’ಗಳಲ್ಲಿ ವ್ಯತ್ಯಾಸವೇನು?

ಉತ್ತರ 4 | ಬೆಟಗೇರಿಯವರು, ಗದಗ

ಎರಡೂ ಸರಿ. ಪೊತೇರೆ ಜೊತೆಯಲ್ಲಿರುವ ಕ್ರಿಯಾಪದದ ಸಹಾಯಕವನ್ನು ಎರವಲು ಪಡೆಯುತ್ತದೆ. ಓದು, ತಿನ್ನು ಎಂಬಂಥವು ಅವೇರೆಯನ್ನು (‘ಓ’ ಅದರ ರೂಪ) ಬಯಸುವುದರಿಂದ ‘ಓ ಪೊತೂತೊ ಸ್ತುದ್ಯಾರೆ’. ಹೋಗು, ಬಾ ಎಂಬಂಥವು ಎಸ್ಸೆರೆಯನ್ನು (‘ಸೋನೊ’ ಅದರ ರೂಪ) ಬಯಸುವುದರಿಂದ ‘ಸೋನೊ ಪೊತೂತೊ ಅಂದಾರೆ’. ಎರಡನೆಯ ಗುಂಪಿನಲ್ಲಿಯೂ ‘ಓ ಪೊತೂತೊ ಅಂದಾರೆ’ ಎನ್ನುವವರು ಬೇಕಾದಷ್ಟು ಜನರಿದ್ದಾರೆ, ಅದನ್ನು ತಪ್ಪೆಂದು ಯಾರೂ ತಿದ್ದುವುದಿಲ್ಲ. ಕಲಿಯುವವರು ಮಾತ್ರ ಮೊದಲು ಎಸ್ಸೆರೆಯನ್ನೇ ರೂಢಿಸಿಕೊಳ್ಳುವುದು ಒಳ್ಳೆಯದು. ರಿಯುಶ್ಶೀರೆಗೆ ಈ ತೊಡಕಿಲ್ಲ, ಅದಕ್ಕೆ ಯಾವಾಗಲೂ ಎಸ್ಸೆರೆಯೇ.

ಎಸ್ಸೆರೆ ಬಂದಲ್ಲಿ ಕ್ರಿಯಾಪದದ ಕೊನೆ ಕರ್ತೃವಿನ ಲಿಂಗವಚನಗಳನ್ನು ಅನುಸರಿಸುತ್ತದೆ. ಹುಬ್ಬಳ್ಳಿಯ ಮಹನೀಯರು ಬರೆದದ್ದು ಅವರಿಗೆ ಸರಿಯಾದ ರೂಪ. ನೀವು ‘ನೊನ್ ಸೋನೊ ಪೊತೂತಾ ವೆನೀರೆ’, ‘ನೊನ್ ಸೋನೊ ರಿಯುಶ್ಶೀತಾ’ ಎನ್ನಬೇಕು. ಸರ್ವನಾಮ ಸೇರಿದಾಗ ಇನ್ನೊಂದು ನಿಯಮ ನೆನಪಿಡಿ: ‘ಓ ಪೊತೂತೊ ಲವಾರ್ಮಿ’ ಎಂದು ಸರ್ವನಾಮವನ್ನು ಕೊನೆಗೆ ಅಂಟಿಸಿದರೆ ಅವೇರೆ, ‘ಮಿ ಸೋನೊ ಪೊತೂತಾ ಲವಾರೆ’ ಎಂದು ಮುಂದಕ್ಕೆ ತಂದರೆ ಎಸ್ಸೆರೆ. ಅರ್ಥ ಎರಡಕ್ಕೂ ಒಂದೇ.

‘ಪೊತೇವೊ’ ಎಂದಾಗ ಅವಕಾಶವಿತ್ತು ಎಂದಷ್ಟೇ ಗೊತ್ತಾಗುತ್ತದೆ, ಕೆಲಸ ನಡೆಯಿತೋ ಇಲ್ಲವೋ ಎಂಬುದು ತಿಳಿಯುವುದಿಲ್ಲ. ‘ಓ ಪೊತೂತೊ’ ಎಂದಾಗ ಕೆಲಸ ನಡೆದೇ ತೀರಿದೆ. ‘ಪೊತೇವೊ ಪರ್ಲಾರೆ ಕೊನ್ ಇಲ್ ಪ್ರೊಫೆಸ್ಸೋರೆ’ ಎಂದರೆ ಪ್ರಾಧ್ಯಾಪಕರೊಡನೆ ಮಾತನಾಡುವ ಅವಕಾಶವಿತ್ತು. ‘ಓ ಪೊತೂತೊ ಪರ್ಲಾರೆ’ ಎಂದರೆ ಅವಕಾಶ ಸಿಕ್ಕಿತು, ಮಾತನಾಡಿದೆ. ಸಪೇರೆಯಲ್ಲಿ ಇದು ಇನ್ನೂ ಮುಂದೆ ಹೋಗುತ್ತದೆ: ‘ಸಪೇವೊ’ ಎಂದರೆ ನನಗೆ ಮೊದಲೇ ತಿಳಿದಿತ್ತು, ‘ಓ ಸಪೂತೊ’ ಎಂದರೆ ಆಗ ತಿಳಿದುಬಂತು. ಹಾಗೆಯೇ ಸಂದರ್ಶನದಲ್ಲಿ ಉತ್ತರ ಹೊಳೆಯದೆ ಹೋದದ್ದನ್ನು ಹೇಳುವಾಗ ‘ನೊನ್ ಓ ಸಪೂತೊ ರಿಸ್ಪೊಂದೆರೆ’ ಎನ್ನುತ್ತಾರೆ, ಅಂದರೆ ‘ನನಗೆ ಉತ್ತರ ಹೇಳಲು ಬರಲಿಲ್ಲ’. ವೀಸಾ ಸಂದರ್ಶನಕ್ಕೆ ಹೋಗುವ ಮೊದಲು ನಾಲ್ಕಾರು ವಾಕ್ಯಗಳನ್ನು ಬರೆದು ಇಲ್ಲಿ ಹಾಕಿರಿ, ನೋಡಿ ಹೇಳುತ್ತೇನೆ.